ವಿದೇಶಿ ಫೆಲೋಶಿಪ್: ಯುವ ಜೀವವೈದ್ಯಕೀಯ ವಿಜ್ಞಾನಿಗಳು ಹೋಗುವ ದಾರಿ, ಬರುವ ದಾರಿ

ದೊಡ್ಡಬಳ್ಳಾಪುರದಿಂದಲೋ ದೇವನಹಳ್ಳಿಯಿಂದಲೋ ಬೆಂಗಳೂರಿಗೆ ಬಸ್ಸಿನಲ್ಲಿ ಬರುವಾಗ ಯಲಹಂಕ ದಾಟಿ ಹೆಬ್ಬಾಳ ತಲುಪುವುದರೊಳಗೆ ನೀವು ಹಲವು ಸಂಶೋಧನಾ ಸಂಸ್ಥೆಗಳ ಸಮೀಪದಲ್ಲೇ ಹಾದುಹೋಗುತ್ತೀರಿ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಜಿ.ಕೆ.ವಿ.ಕೆ. ಆವರಣದೊಳಗೆ ಎನ್.ಸಿ.ಬಿ.ಎಸ್. ಎಂದು ಹೆಸರಾದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಅದಕ್ಕೆ ಹೊಂದಿಕೊಂಡಂತೆ ಆಕರಕೋಶಗಳ ಅಧ್ಯಯನಕ್ಕಾಗಿ ಸ್ಥಾಪಿತವಾದ ಇನ್‌ಸ್ಟೆಮ್ ಇದೆ. ಯಲಹಂಕದ ಬಳಿಯೇ ಜಾನುವಾರು ರೋಗಗಳ ಹರಡುವಿಕೆಯನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆಯೊಂದಿದೆ. ಈ ಸಂಸ್ಥೆಗಳ ವಿಜ್ಞಾನಿಗಳ ಪರಿಚಯ ಪತ್ರಗಳನ್ನು ಓದಿದರೆ ಬಹುಪಾಲು ಎಲ್ಲರಲ್ಲೂ ಒಂದು ಸಾಲು ಸಾಮಾನ್ಯ. ಪಿಎಚ್.ಡಿ. ಪದವಿಯ ನಂತರ ಎರಡೋ ಮೂರೋ ನಾಲ್ಕೋ ವರ್ಷ ಹೊರದೇಶದ ಪ್ರಯೋಗಾಲಯವೊಂದರಲ್ಲಿ ಕೆಲಸ. ಅದಕ್ಕೆ ಯಾವುದೋ ಒಂದು ಫೆಲೋಶಿಪ್‌ನ ಆಸರೆ.

ಈ ಸಾಲನ್ನು ಓದಿದ ನಮ್ಮ ತಾಲ್ಲೂಕು ಕೇಂದ್ರಗಳ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಎರಡು ಭಾವನೆಗಳು ಬರುತ್ತವೆ. ಒಂದು, ಇದು ಹಣವಂತರಿಗೆ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದವರಿಗೆ ಮಾತ್ರ. ಇನ್ನೊಂದು, ಇದು ಹೆಚ್ಚು ಅಂಕ ಗಳಿಸಿದವರಿಗೆ ಕೊಡುವ ಬಹುಮಾನ. ಎರಡೂ ಸರಿಯಲ್ಲ. ಫೆಲೋಶಿಪ್ ಎಂಬುದು ಬಹುಮಾನವಲ್ಲ. ಅದು ಮುಂದೆ ಮಾಡಲಿರುವ ಕೆಲಸಕ್ಕೆ ಕೊಡುವ ವೆಚ್ಚ. ನಿಮ್ಮಲ್ಲಿ ಒಂದು ಪ್ರಶ್ನೆ ಇದೆ, ಅದಕ್ಕೆ ಉತ್ತರ ಹುಡುಕಲು ಬೇಕಾದ ವಿದ್ಯೆ ಇನ್ನೆಲ್ಲೋ ಇದೆ, ಆ ವಿದ್ಯೆಯನ್ನು ಕಲಿಯಲು ಅಲ್ಲಿಗೆ ಹೋಗಬೇಕಾಗಿದೆ ಎಂಬುದನ್ನು ಒಪ್ಪಿಸಬಲ್ಲವರಿಗೆ ಅದು ದೊರೆಯುತ್ತದೆ. ಪ್ರಶ್ನೆ ಮಾತ್ರ ಇಲ್ಲಿಯದೇ ಆಗಿರಬಹುದು. ಬಹಳ ಸಲ ಹಾಗಿರುವುದೇ ಲೇಸು. ಇದನ್ನು ಕೆಲವು ನಿಜವಾದ ಉದಾಹರಣೆಗಳಿಂದ ನೋಡೋಣ.

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಜೀವವೈದ್ಯಕೀಯ ವಿಜ್ಞಾನ ಎಂದರೆ ವೈದ್ಯರು ಆಸ್ಪತ್ರೆಯಲ್ಲಿ ಮಾಡುವ ಚಿಕಿತ್ಸೆಯಲ್ಲ. ರೋಗ ಹೇಗೆ ಉಂಟಾಗುತ್ತದೆ, ದೇಹದ ಕೋಶಗಳೂ ಅಣುಗಳೂ ಹೇಗೆ ಕೆಲಸ ಮಾಡುತ್ತವೆ, ಔಷಧ ಎಲ್ಲಿ ಹೋಗಿ ಅಂಟಿಕೊಳ್ಳುತ್ತದೆ ಎಂಬ ಮೂಲಭೂತ ಸಂಗತಿಗಳ ಅಧ್ಯಯನ ಅದು. ಇದರಲ್ಲಿ ಎಂ.ಬಿ.ಬಿ.ಎಸ್. ಓದಿದವರಿರುವಂತೆ ರಸಾಯನ ವಿಜ್ಞಾನ, ಸಸ್ಯವಿಜ್ಞಾನ, ಪಶುವೈದ್ಯ, ಗಣಿತ ಓದಿದವರೂ ಇದ್ದಾರೆ. ಭೌತವಿಜ್ಞಾನಿಗಳಂತೂ ಧಾರಾಳವಾಗಿ ಇದ್ದಾರೆ. ಭೌತಶಾಸ್ತ್ರದ ಮೇಷ್ಟರೊಬ್ಬರು ಈ ವಿಷಯದ ಮೇಲೆ ಬರೆಯಲು ಹೊರಟಿರುವುದಕ್ಕೂ ಅದೇ ಸಮರ್ಥನೆ.

ಇನ್ನು ಫೆಲೋಶಿಪ್. ಪದವಿಯ ಓದಿಗೆ ಕೊಡುವುದು ವಿದ್ಯಾರ್ಥಿವೇತನ. ಬ್ಯಾಂಕಿನಿಂದ ತರುವುದು ಸಾಲ. ಪ್ರಾಧ್ಯಾಪಕರೊಬ್ಬರು ತಮ್ಮ ಯೋಜನೆಯ ಹಣದಿಂದ ನಿಮ್ಮನ್ನು ನೇಮಿಸಿಕೊಂಡರೆ ಅದು ಸಂಬಳ. ಫೆಲೋಶಿಪ್ ಇವೆಲ್ಲಕ್ಕಿಂತ ಬೇರೆ. ಅದು ನಿಮ್ಮ ಹೆಸರಿಗೆ ಬರುವ ಹಣ. ಜೀವನ ವೆಚ್ಚ, ಪ್ರಯಾಣ, ಸಾಮಾನ್ಯವಾಗಿ ಆರೋಗ್ಯ ವಿಮೆ, ಕೆಲವು ಯೋಜನೆಗಳಲ್ಲಿ ಮಕ್ಕಳಿಗಾಗಿ ಭತ್ಯೆ ಇದರಲ್ಲಿ ಸೇರಿರುತ್ತವೆ. ಹಣ ನಿಮ್ಮದಾಗಿರುವುದರಿಂದ ಪ್ರಶ್ನೆಯೂ ನಿಮ್ಮದಾಗಿರಲು ಸಾಧ್ಯ. ಈ ಸ್ವಾತಂತ್ರ್ಯ ಸಣ್ಣದಲ್ಲ.

ಈ ಪದ್ಧತಿ ಹಳೆಯದು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನದಿಂದ ಬಂದ ಲಾಭದ ಹಣದಲ್ಲಿ ಒಂದು ಆಯೋಗ 1891ರಿಂದ ಸಂಶೋಧನಾ ವಿದ್ಯಾರ್ಥಿವೇತನಗಳನ್ನು ಕೊಡಲಾರಂಭಿಸಿತು. 1895ರಲ್ಲಿ ನ್ಯೂಜಿಲೆಂಡಿನಿಂದ ಕೇಂಬ್ರಿಜ್‌ಗೆ ರುದರ್‌ಫರ್ಡ್ ಹೋದದ್ದು ಈ ಹಣದಿಂದಲೇ. ಪರಮಾಣುವಿನ ಬೀಜಕಣದ ಕಥೆಯನ್ನು ಪಾಠ ಮಾಡುವಾಗ ನಾವು ಯಾರೂ ಇದನ್ನು ಹೇಳುವುದಿಲ್ಲ. ಹೇಳಬೇಕು.

ಬೆಂಗಳೂರಿನಿಂದ ಕೇಂಬ್ರಿಜ್‌ಗೆ, ಕೇಂಬ್ರಿಜ್‌ನಿಂದ ಅವರೆಕಾಳಿಗೆ

1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿಯಲ್ಲಿ ಬಿ.ಎಸ್‌ಸಿ. ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಗೆ, ಅರ್ಜಿ ಹಾಕಿದರು. ಅವರ ತಂದೆಯೂ ಚಿಕ್ಕಪ್ಪನೂ ಅಲ್ಲಿಯೇ ರಸಾಯನ ವಿಜ್ಞಾನ ಕಲಿತವರು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸಿ.ವಿ. ರಾಮನ್. ಅರ್ಜಿ ತಿರಸ್ಕೃತವಾಯಿತು. ಕಾರಣ, ಅರ್ಜಿದಾರರು ಹೆಣ್ಣು. ಕಮಲಾ ಬೆಂಗಳೂರಿಗೇ ಬಂದು ಕಾರಣ ಕೇಳಿದರು, ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತುಗಳ ಮೇಲೆ, ಒಂದು ವರ್ಷದ ಪರೀಕ್ಷಾವಧಿಗೆ, ಸೇರಿಸಿಕೊಳ್ಳಲಾಯಿತು. ರಾಮನ್ನರ ವಿಜ್ಞಾನದ ಬಗ್ಗೆ ನನಗಿರುವ ಗೌರವ ದೊಡ್ಡದು. ಈ ಪ್ರಸಂಗದಲ್ಲಿ ನ್ಯಾಯ ಮಾತ್ರ ಕಮಲಾ ಅವರ ಕಡೆಗೇ ಇತ್ತು. ಅವರ ಕೆಲಸವನ್ನು ಕಂಡ ಮೇಲೆ ಸಂಸ್ಥೆಯ ಬಾಗಿಲು ಇತರ ವಿದ್ಯಾರ್ಥಿನಿಯರಿಗೂ ತೆರೆಯಿತು.

ಬೆಂಗಳೂರಿನಲ್ಲಿ ಅವರು ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳಲ್ಲಿನ ಪ್ರೋಟೀನುಗಳನ್ನು ಅಧ್ಯಯನ ಮಾಡಿದರು. ಈ ಪ್ರಶ್ನೆಯ ಮಹತ್ವವನ್ನು ಗಮನಿಸಿ. ಮಾಂಸ, ಮೊಟ್ಟೆ ಕೊಳ್ಳಲಾಗದ ಅಥವಾ ತಿನ್ನದ ಕೋಟ್ಯಂತರ ಜನರಿಗೆ ಬೇಳೆಕಾಳೇ ಪ್ರೋಟೀನು. ಅದರಲ್ಲಿ ಏನಿದೆ, ಎಷ್ಟು ಜೀರ್ಣವಾಗುತ್ತದೆ ಎಂಬುದು ಅಡುಗೆಮನೆಯ ಪ್ರಶ್ನೆಯೂ ಹೌದು, ಜೀವರಸಾಯನ ವಿಜ್ಞಾನದ ಪ್ರಶ್ನೆಯೂ ಹೌದು. 1936ರಲ್ಲಿ ಎಂ.ಎಸ್‌ಸಿ. ಆಯಿತು. ಮುಂದೆ ಮುಂಬಯಿ ವಿಶ್ವವಿದ್ಯಾಲಯದ ಸ್ಪ್ರಿಂಗರ್ ಸಂಶೋಧನಾ ವೇತನ ಮತ್ತು ಸರ್ ಮಂಗಲದಾಸ್ ನಾಥುಭಾಯಿ ವಿದೇಶ ವಿದ್ಯಾರ್ಥಿವೇತನಗಳು ದೊರೆತುವು. ಅವುಗಳ ಬಲದ ಮೇಲೆ 1937ರಲ್ಲಿ ಕೇಂಬ್ರಿಜ್ ಸೇರಿದರು. ಅಲ್ಲಿನ ಜೀವರಸಾಯನ ವಿಭಾಗದ ಮುಖ್ಯಸ್ಥರು ವಿಟಮಿನ್‌ಗಳ ಸಂಶೋಧನೆಗಾಗಿ 1929ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಫ್ರೆಡರಿಕ್ ಹಾಪ್‌ಕಿನ್ಸ್.

ಕಮಲಾ ಅಲ್ಲಿ ಮೊದಲು ಡೆರೆಕ್ ರಿಕ್ಟರ್ ಅವರೊಂದಿಗೂ ಬಳಿಕ ರಾಬಿನ್ ಹಿಲ್ ಅವರೊಂದಿಗೂ ಕೆಲಸ ಮಾಡಿದರು. ಆಲೂಗೆಡ್ಡೆಯ ಮೇಲಿನ ಕೆಲಸದಲ್ಲಿ ಅವರಿಗೆ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಕಂಡಿತು. ಸಸ್ಯದ ಕೋಶಗಳಲ್ಲೆಲ್ಲ ಇದು ಇದೆ, ಸಸ್ಯಗಳ ಉಸಿರಾಟದಲ್ಲಿ ಇದರ ಪಾತ್ರವಿದೆ ಎಂಬುದು ಅವರ ಶೋಧ.

ಇಲ್ಲಿ ಸ್ವಲ್ಪ ನಿಂತು ಭೌತಶಾಸ್ತ್ರವನ್ನು ನೋಡಬೇಕು, ಏಕೆಂದರೆ ಸೈಟೋಕ್ರೋಮ್‌ನ ಕಥೆ ಶುರುವಾದದ್ದೇ ರೋಹಿತದರ್ಶಕದಿಂದ. 1925ರಲ್ಲಿ ಅದೇ ಕೇಂಬ್ರಿಜ್‌ನಲ್ಲಿ ಡೇವಿಡ್ ಕೈಲಿನ್ ಜೀವಂತ ಅಂಗಾಂಶಗಳ ಮೂಲಕ ಹಾದುಬಂದ ಬೆಳಕನ್ನು ರೋಹಿತದರ್ಶಕದಲ್ಲಿ ನೋಡಿದಾಗ ನಾಲ್ಕು ಕಪ್ಪು ಪಟ್ಟಿಗಳು ಕಂಡುವು. ಅಂಗಾಂಶಕ್ಕೆ ಗಾಳಿ ಸಿಕ್ಕಿದಾಗ ಪಟ್ಟಿಗಳು ಮಾಯ; ಗಾಳಿ ತಪ್ಪಿದಾಗ ಮತ್ತೆ ಪ್ರತ್ಯಕ್ಷ. ಕೋಶದ ಉಸಿರಾಟವನ್ನು ಕಣ್ಣಾರೆ ನೋಡಿದಂತೆಯೇ ಇದು. ಸೈಟೋಕ್ರೋಮ್‌ನ ನಡುವೆ ಒಂದು ಕಬ್ಬಿಣದ ಪರಮಾಣುವಿರುತ್ತದೆ. ಅದು ಒಂದು ಎಲೆಕ್ಟ್ರಾನ್ ಪಡೆದಾಗ ಅದರ ಆವೇಶ ಮೂರರಿಂದ ಎರಡಕ್ಕಿಳಿಯುತ್ತದೆ. ಮುಂದಿನ ಅಣುವಿಗೆ ದಾಟಿಸಿದಾಗ ಮತ್ತೆ ಮೂರಾಗುತ್ತದೆ. ಎಲೆಕ್ಟ್ರಾನ್ ಹೊತ್ತ ಸ್ಥಿತಿಯಲ್ಲಿ ಸೈಟೋಕ್ರೋಮ್ ಸಿ ಹಸಿರು ಬೆಳಕಿನ ಪ್ರದೇಶದಲ್ಲಿ, 550 ನ್ಯಾನೊಮೀಟರ್ ತರಂಗಾಂತರದ ಬಳಿ, ಬೆಳಕನ್ನು ಚೂಪಾಗಿ ಹೀರುತ್ತದೆ. ಎಲೆಕ್ಟ್ರಾನ್ ಬಿಟ್ಟುಕೊಟ್ಟಾಗ ಆ ಚೂಪು ಹೋಗುತ್ತದೆ. ಆದ್ದರಿಂದಲೇ ಪಟ್ಟಿಗಳು ಬಂದು ಹೋಗುವುದು. ಎಲೆಯಲ್ಲಿ ಇದನ್ನು ನೋಡಲು ಪತ್ರಹರಿತ್ತಿನ ಗಾಢ ಬಣ್ಣ ಅಡ್ಡಬರುತ್ತದೆ. ಆಲೂಗೆಡ್ಡೆಯಂಥ ಹಸಿರಿಲ್ಲದ ಅಂಗಾಂಶದಲ್ಲಿ ಆ ತೊಂದರೆಯಿಲ್ಲ. ಪಿ.ಯು. ತರಗತಿಯಲ್ಲಿ ರೋಹಿತದ ಪಾಠ ಮಾಡುವವರು ಸೋಡಿಯಂ ದೀಪದ ಜೊತೆಗೆ ಈ ಉದಾಹರಣೆಯನ್ನೂ ಕೊಡಬಹುದು. ಇದೇ ಸೈಟೋಕ್ರೋಮ್ ಸಿ ಮೈಟೊಕಾಂಡ್ರಿಯದಿಂದ ಹೊರಬಿದ್ದರೆ ಕೋಶದ ಯೋಜಿತ ಮರಣಕ್ಕೆ ಚಾಲನೆ ಸಿಗುತ್ತದೆ ಎಂದು 1996ರಲ್ಲಿ ಅಮೆರಿಕದಲ್ಲಿ ಷಿಯಾಡಾಂಗ್ ವಾಂಗ್ ಅವರ ತಂಡ ತೋರಿಸಿತು. ಕ್ಯಾನ್ಸರ್ ಸಂಶೋಧನೆಯಲ್ಲಿ ಈ ಅಣುವಿನ ಹೆಸರು ಈಗ ನಿತ್ಯ ಕೇಳಿಬರುತ್ತದೆ.

ಕಮಲಾ ಅವರ ಪಿಎಚ್.ಡಿ. ಪ್ರಬಂಧ ಕೇವಲ 40 ಪುಟಗಳದ್ದು. ಕೇಂಬ್ರಿಜ್ ತಲುಪಿದ ಹದಿನಾಲ್ಕು ತಿಂಗಳಲ್ಲಿ ಕೆಲಸ ಮುಗಿದಿತ್ತು. 1939ರಲ್ಲಿ ಪದವಿ ಬಂತು. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಕರೆಯುವುದುಂಟು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಿಂದ ಡಿ.ಎಸ್‌ಸಿ. ಪಡೆದಿದ್ದರು ಎಂಬುದನ್ನೂ ಜೊತೆಯಲ್ಲಿ ನೆನಪಿಡಬೇಕು. ಅವರು ಹೋದದ್ದೂ ಏಷ್ಯದ ಮಹಿಳೆಯರಿಗೆಂದೇ ಆ ವಿಶ್ವವಿದ್ಯಾಲಯದಲ್ಲಿದ್ದ ಬಾರ್ಬರ್ ವಿದ್ಯಾರ್ಥಿವೇತನದ ಮೇಲೆ.

ನನಗೆ ಕಮಲಾ ಅವರ ಕಥೆಯಲ್ಲಿ ಅತ್ಯಂತ ಮುಖ್ಯವಾಗಿ ಕಾಣುವುದು ಪದವಿಯ ನಂತರದ ಭಾಗ. 1939ರಲ್ಲೇ ಅವರು ಭಾರತಕ್ಕೆ ಹಿಂತಿರುಗಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜು, ಅನಂತರ ಕೂನೂರಿನ ಪೋಷಣ ಸಂಶೋಧನಾಲಯ, 1947ರಲ್ಲಿ ಮದುವೆಯಾಗಿ ಕಮಲಾ ಸೊಹೋನಿ ಆದ ಮೇಲೆ ಮುಂಬಯಿಯ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್. ಅಲ್ಲಿ ತಮ್ಮ ವಿದ್ಯಾರ್ಥಿಗಳೊಡನೆ ಕೈಗೆತ್ತಿಕೊಂಡದ್ದು ಮತ್ತೆ ಬೇಳೆಕಾಳುಗಳನ್ನೇ. ಜೊತೆಗೆ ನೀರಾ ಎಂಬ ತಾಳೆಯ ಸಿಹಿರಸದ ಪೌಷ್ಟಿಕತೆಯನ್ನು.

ಹಸಿ ಕಾಳುಗಳಲ್ಲಿ ಟ್ರಿಪ್ಸಿನ್ ತಡೆಕಾರಕಗಳೆಂಬ ಪ್ರೋಟೀನುಗಳಿರುತ್ತವೆ. ಟ್ರಿಪ್ಸಿನ್ ನಮ್ಮ ಕರುಳಿನಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವ. ತಡೆಕಾರಕವು ಈ ಕಿಣ್ವದ ಕತ್ತರಿಸುವ ಜಾಗಕ್ಕೇ ಹೋಗಿ ಸಿಕ್ಕಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಕಾಳಿನಲ್ಲಿ ಪ್ರೋಟೀನು ಎಷ್ಟೇ ಇರಲಿ, ದೇಹಕ್ಕೆ ದಕ್ಕುವುದು ಕಡಿಮೆಯಾಗುತ್ತದೆ. ಬೇಯಿಸಿದಾಗ ತಡೆಕಾರಕದ ಬಹುಪಾಲು ಕೆಡುತ್ತದೆ. ಭಾರತದ ಆಹಾರ ಪದಾರ್ಥಗಳಲ್ಲಿನ ಇಂಥ ತಡೆಕಾರಕಗಳನ್ನು ಸೊಹೋನಿ ಅವರ ಗುಂಪು 1950ರ ದಶಕದಲ್ಲಿ ಅಳೆಯಿತು. ಅವರು ಪರಿಶೀಲಿಸಿದ ಕಾಳುಗಳಲ್ಲಿ ಅವರೆಯೂ ಒಂದು. ಹೊಸಕೋಟೆ, ದೇವನಹಳ್ಳಿಯ ರಾಗಿ ಹೊಲಗಳ ಅಕ್ಕಡಿ ಸಾಲಿನಲ್ಲಿ ಬೆಳೆಯುವ, ಮಾಗಿಯಲ್ಲಿ ನಾವೆಲ್ಲ ಹಿತಕಿ ಸಾರು ಮಾಡುವ ಅದೇ ಅವರೆ. ಬೆಂಗಳೂರಿನಲ್ಲಿ ಹುಟ್ಟಿದ ಪ್ರಶ್ನೆ, ಕೇಂಬ್ರಿಜ್‌ನಲ್ಲಿ ಕಲಿತ ಕಿಣ್ವಗಳ ವಿದ್ಯೆ, ಮತ್ತೆ ನಮ್ಮ ಊಟದ ಎಲೆಗೆ ಬಂದು ಸೇರಿತು. ಫೆಲೋಶಿಪ್ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಸ್ಫಟಿಕದಿಂದ ಕೊಲಾಜನ್‌ಗೆ

ಭೌತಶಾಸ್ತ್ರದವರಿಗಾಗಿ ಇನ್ನೊಂದು ಉದಾಹರಣೆ. ಜಿ.ಎನ್. ರಾಮಚಂದ್ರನ್ 1942ರಲ್ಲಿ ಬೆಂಗಳೂರಿನ ಅದೇ ಸಂಸ್ಥೆಗೆ ವಿದ್ಯುತ್ ಎಂಜಿನಿಯರಿಂಗ್ ಕಲಿಯಲು ಬಂದು ರಾಮನ್ನರ ವಿಭಾಗಕ್ಕೆ ಬದಲಾದವರು. 1947ರಿಂದ 1949ರವರೆಗೆ, ಮೇಲೆ ಹೇಳಿದ 1851ರ ಪ್ರದರ್ಶನದ ವಿದ್ಯಾರ್ಥಿವೇತನದ ಮೇಲೆ, ಕೇಂಬ್ರಿಜ್‌ನಲ್ಲಿದ್ದರು. ಅಲ್ಲಿ ಅವರು ಮಾಡಿದ್ದು ಜೀವವಿಜ್ಞಾನವಲ್ಲ. ಎಕ್ಸ್-ಕಿರಣಗಳು ಸ್ಫಟಿಕದಲ್ಲಿ ಚದುರುವ ರೀತಿಯಿಂದ ಅದರ ಸ್ಥಿತಿಸ್ಥಾಪಕ ಗುಣವನ್ನು ಕಂಡುಹಿಡಿಯುವ ಶುದ್ಧ ಭೌತಶಾಸ್ತ್ರ. ಹಿಂತಿರುಗಿ 1952ರಲ್ಲಿ ಮದ್ರಾಸು ವಿಶ್ವವಿದ್ಯಾಲಯಕ್ಕೆ ಹೋದಾಗ, ಭೇಟಿಗೆ ಬಂದಿದ್ದ ಜೆ.ಡಿ. ಬರ್ನಾಲ್ ಅವರ ಮಾತಿನಿಂದ ಕೊಲಾಜನ್ ರಚನೆ ಇನ್ನೂ ಬಿಡಿಸದ ಒಗಟೆಂದು ತಿಳಿಯಿತು. ಚರ್ಮ, ಮೂಳೆ, ಸ್ನಾಯುರಜ್ಜುಗಳ ಮುಖ್ಯ ಪ್ರೋಟೀನು ಇದು. ಅದೇ ಊರಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ ಅವರಿಗೆ ಮಾದರಿ ಸಿಕ್ಕಿತು. ಕಾಂಗರೂವಿನ ಬಾಲದ ಸ್ನಾಯುರಜ್ಜು! ಗೋಪಿನಾಥ ಕರ್ತಾ ಅವರೊಡನೆ 1954–55ರಲ್ಲಿ ಮೂರು ಎಳೆಗಳು ಹೆಣೆದುಕೊಂಡ ರಚನೆಯನ್ನು ಪ್ರಕಟಿಸಿದರು. ಆ ಎಳೆಗಳಲ್ಲಿ ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸೀನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲವೇ ಇರಬೇಕು, ಬೇರೆಯದಕ್ಕೆ ಅಲ್ಲಿ ಎಡೆಯಿಲ್ಲ. ಆ ಜಾಗಕ್ಕೆ ದೊಡ್ಡ ಆಮ್ಲವೊಂದು ಬಂದು ಸೇರಿದರೆ ಮೂಳೆ ಸುಲಭವಾಗಿ ಮುರಿಯುವ ಆನುವಂಶಿಕ ರೋಗ ಉಂಟಾಗಬಹುದು ಎಂಬುದು ಮುಂದೆ ತಿಳಿದ ಸಂಗತಿ. 1963ರ ರಾಮಚಂದ್ರನ್ ನಕ್ಷೆ ಪ್ರೋಟೀನುಗಳ ಪ್ರತಿ ಪಠ್ಯಪುಸ್ತಕದಲ್ಲೂ ಇದೆ. 1970ರ ದಶಕದ ಆರಂಭದಲ್ಲಿ ಅವರು ಬೆಂಗಳೂರಿಗೇ ಮರಳಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು.

ಇಲ್ಲಿ ವಿದ್ಯೆ ಮೊದಲು ಬಂತು, ಪ್ರಶ್ನೆ ಆಮೇಲೆ ಸಿಕ್ಕಿತು. ಹಾಗೂ ಆಗುತ್ತದೆ.

ಪ್ರಶ್ನೆಗಳು ನಮ್ಮ ಹಳ್ಳಿಗಳಲ್ಲೂ ಇವೆ

ಜಗತ್ತಿನ ಯಾವುದೇ ಕ್ಷಯರೋಗದ ಪಠ್ಯಪುಸ್ತಕವನ್ನು ತೆಗೆದರೂ ಅದರಲ್ಲಿ ಒಂದು ಪ್ರಸಿದ್ಧ ಲೆಕ್ಕ ಸಿಗುತ್ತದೆ. ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯ ಇರುವ ರೋಗಿಗಳು ಚಿಕಿತ್ಸೆ ಇಲ್ಲದೆ ಉಳಿದರೆ ಐದು ವರ್ಷಗಳಲ್ಲಿ ಹೆಚ್ಚುಕಡಿಮೆ ಶೇ. 49 ಮಂದಿ ಸಾಯುತ್ತಾರೆ, ಸುಮಾರು ಮೂರನೆಯ ಒಂದು ಭಾಗ ತಾವಾಗಿಯೇ ಬ್ಯಾಕ್ಟೀರಿಯಮುಕ್ತರಾಗುತ್ತಾರೆ, ಉಳಿದ ಶೇ. 18 ಮಂದಿ ರೋಗ ಹರಡುತ್ತಲೇ ಇರುತ್ತಾರೆ. ಈ ಲೆಕ್ಕ ಬಂದದ್ದು ಎಲ್ಲಿಂದ ಬಲ್ಲಿರಾ? ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಿಂದ. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ 1968ರವರೆಗೆ, ಸಂಘಟಿತ ಚಿಕಿತ್ಸಾ ಕಾರ್ಯಕ್ರಮ ಇನ್ನೂ ತಲುಪದಿದ್ದ ಆ ಹಳ್ಳಿಗಳಲ್ಲಿ ಮತ್ತೆ ಮತ್ತೆ ಸಮೀಕ್ಷೆ ನಡೆಸಿ 1974ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಗ್ರಾಮಾಂತರ ಜಿಲ್ಲೆ ಪ್ರತ್ಯೇಕವಾದದ್ದು 1986ರಲ್ಲಿ. ಅಲ್ಲಿಯವರೆಗೆ ನೆಲಮಂಗಲ, ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಎಲ್ಲವೂ ಆ ಒಂದೇ ಜಿಲ್ಲೆಯ ತಾಲ್ಲೂಕುಗಳು. ಆ ಅಂಕಿಗಳ ಹಿಂದೆ ಸತ್ತ ಮನುಷ್ಯರಿದ್ದಾರೆ ಎಂಬುದನ್ನು ಮರೆಯಲಾಗದು. ಅಂಥ ಅಧ್ಯಯನ ಇಂದು ಮಾಡುವಂತಿಲ್ಲ, ಮಾಡಲೂಬಾರದು. ಆ ಹಳ್ಳಿಗಳಿಂದ ಬಂದ ಜ್ಞಾನ ಮಾತ್ರ ಜಗತ್ತಿನ ಲೆಕ್ಕಾಚಾರಗಳಿಗೆ ಆಧಾರವಾಗಿ ಇನ್ನೂ ಉಳಿದಿದೆ.

ಹೀಗೆಯೇ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ರೋಗಕ್ಕೆ ಉಣ್ಣಿಗಳಿಂದ ಹರಡುವ ಹೊಸ ವೈರಸ್ ಕಾರಣವೆಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರ ಬೇಗನೆ ಕಂಡುಹಿಡಿಯಿತು. ಐದೇ ವರ್ಷಗಳ ಹಿಂದೆ, 1952ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಕೂಡಿ ಆ ಕೇಂದ್ರವನ್ನು ಸ್ಥಾಪಿಸಿದ್ದುವು. ಪ್ರತಿಷ್ಠಾನದ ನೆರವು ಉಪಕರಣಗಳಿಗಷ್ಟೇ ಅಲ್ಲ, ಭಾರತೀಯ ವಿಜ್ಞಾನಿಗಳ ತರಬೇತಿಗೂ ಸಂದಿತ್ತು. ಕಲಿತ ಕೈಗಳು ಮೊದಲೇ ಸಿದ್ಧವಾಗಿದ್ದುವು. ಇಲ್ಲದಿದ್ದರೆ ಮಂಗನ ಕಾಯಿಲೆಯ ಕಾರಣ ಗೊತ್ತಾಗಲು ಎಷ್ಟು ಕಾಲ ಹಿಡಿಯುತ್ತಿತ್ತೋ!

ಇಂದಿನ ಯೋಜನೆಗಳು ಮತ್ತು ಅವುಗಳ ನಿಯಮಗಳ ಅರ್ಥ

ಈಗ ಪಿಎಚ್.ಡಿ. ಮುಗಿಸಿದ ಜೀವವೈದ್ಯಕೀಯ ಸಂಶೋಧಕರಿಗೆ ಇರುವ ಯೋಜನೆಗಳು ಹಲವು. ಎಲ್ಲವನ್ನೂ ಪಟ್ಟಿ ಮಾಡುವುದಕ್ಕಿಂತ ನಿಯಮಗಳು ಏನನ್ನು ಪರೀಕ್ಷಿಸುತ್ತವೆ ಎಂದು ತಿಳಿಯುವುದು ಉಪಯುಕ್ತ.

ಎಚ್.ಎಫ್.ಎಸ್.ಪಿ. ಎಂಬ ಅಂತರರಾಷ್ಟ್ರೀಯ ಸಂಸ್ಥೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದೆ. ಜಪಾನಿನ ಪ್ರಧಾನಿ ನಕಸೋನೆ 1987ರಲ್ಲಿ ವೆನಿಸ್ ಶೃಂಗಸಭೆಯಲ್ಲಿ ಮುಂದಿಟ್ಟ ಪ್ರಸ್ತಾಪದಿಂದ ಹುಟ್ಟಿದ್ದು. ಭಾರತ 2006ರಿಂದ ಸದಸ್ಯ ರಾಷ್ಟ್ರ. ಇದರ ಮೂರು ವರ್ಷಗಳ ಫೆಲೋಶಿಪ್ ಬೇಕಾದರೆ ಬೇರೆ ದೇಶಕ್ಕೆ ಹೋಗಬೇಕು ಮಾತ್ರವಲ್ಲ, ಪಿಎಚ್.ಡಿ.ಯಲ್ಲಿ ಮಾಡಿದ್ದಕ್ಕಿಂತ ಬೇರೆ ದಿಕ್ಕಿನ ಕೆಲಸಕ್ಕೆ ಹೊರಳಬೇಕು. ಮಾಡಿದ್ದನ್ನೇ ಇನ್ನಷ್ಟು ಮಾಡುತ್ತೇನೆ ಎಂದರೆ ಅರ್ಜಿ ನಿಲ್ಲುವುದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಎಂಜಿನಿಯರಿಂಗ್‌ನಲ್ಲಿ ಪಿಎಚ್.ಡಿ. ಮಾಡಿ ಜೀವವಿಜ್ಞಾನಕ್ಕೆ ಬರುವವರಿಗೆಂದೇ ಇದರಲ್ಲಿ ಪ್ರತ್ಯೇಕ ವಿಭಾಗವಿದೆ. ನಮ್ಮ ಭೌತಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಗುರುತು ಹಾಕಿಕೊಳ್ಳಬೇಕು. ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿ ಜೀವವಿಜ್ಞಾನಕ್ಕೆ ಹೊರಳಿದ್ದ ವೆಂಕಿ ರಾಮಕೃಷ್ಣನ್ ಎಕ್ಸ್-ಕಿರಣ ಸ್ಫಟಿಕಶಾಸ್ತ್ರವನ್ನು ಸರಿಯಾಗಿ ಕಲಿಯಲು 1991ರಲ್ಲಿ ಗುಗನ್‌ಹೈಮ್ ಫೆಲೋಶಿಪ್ ಮೇಲೆ ಅಮೆರಿಕದಿಂದ ಕೇಂಬ್ರಿಜ್‌ಗೆ ಹೋದರು. ಆಗ ಅವರ ವಯಸ್ಸು ನಲವತ್ತರ ಆಸುಪಾಸು. ರೈಬೋಸೋಮ್ ರಚನೆಗಾಗಿ 2009ರಲ್ಲಿ ನೊಬೆಲ್ ಬಂತು.

ಯುರೋಪಿನ ಎಂಬೊ ಸಂಸ್ಥೆಯ ಫೆಲೋಶಿಪ್‌ಗೂ ದೇಶಾಂತರ ಕಡ್ಡಾಯ. ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್‌ನಲ್ಲಿ, ಹೋಗಬೇಕೆಂದಿರುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸಿಸಿರಬಾರದು. ಇದನ್ನು ಓದಿ ಕೆಲವರಿಗೆ ವಿಚಿತ್ರವೆನಿಸುತ್ತದೆ. ತರ್ಕ ಸರಳವಾಗಿದೆ. ಈ ಹಣ ಜಾಗ ಬದಲಿಸುವುದಕ್ಕಾಗಿಯೇ ಇರುವುದು. ಆಗಲೇ ಅಲ್ಲಿರುವವರಿಗೆ ಅದರ ಅಗತ್ಯವಿಲ್ಲ.

ಅಮೆರಿಕಕ್ಕೆ ಸಂಬಂಧಿಸಿದ್ದು ಫುಲ್‌ಬ್ರೈಟ್. 1950ರ ಒಪ್ಪಂದದಿಂದ ಭಾರತದಲ್ಲಿ ನಡೆಯುತ್ತಿದೆ. 2008ರಲ್ಲಿ ಭಾರತ ಸರ್ಕಾರವೂ ಸಮಪಾಲು ವೆಚ್ಚ ಭರಿಸಲು ಒಪ್ಪಿದ ಮೇಲೆ ಫುಲ್‌ಬ್ರೈಟ್–ನೆಹರು ಎಂಬ ಹೆಸರಾಯಿತು. ಇದರಲ್ಲಿ ಹೋದವರು ಮುಗಿಸಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರದೆ ಅಮೆರಿಕದ ವಲಸೆ ವೀಸಾ ಪಡೆಯುವಂತಿಲ್ಲ. ಇದನ್ನು ತೊಡಕು ಎನ್ನುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ, ಸಾರ್ವಜನಿಕ ಹಣದ ಮೇಲೆ ಕಲಿತದ್ದನ್ನು ಸ್ವಲ್ಪ ಕಾಲವಾದರೂ ಇಲ್ಲಿ ಹಂಚುವುದು ನ್ಯಾಯವೇ.

ಈಗಾಗಲೇ ವೈದ್ಯಕೀಯ ಕಾಲೇಜಿನಲ್ಲೋ ಸಂಶೋಧನಾಲಯದಲ್ಲೋ ಕೆಲಸದಲ್ಲಿರುವ ಯುವ ವಿಜ್ಞಾನಿಗಳಿಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ, ಅಂದರೆ ಐ.ಸಿ.ಎಂ.ಆರ್., ಬೇರೆ ಬಗೆಯ ಫೆಲೋಶಿಪ್ ರೂಪಿಸಿತು. ಇದರ ಅವಧಿ ವರ್ಷಗಳಲ್ಲ, ಕೆಲವೇ ತಿಂಗಳು. ಹೊರಗೆ ಹೋಗಿ ಒಂದು ನಿರ್ದಿಷ್ಟ ತಂತ್ರವನ್ನು ಕಲಿತು ತಮ್ಮ ಸಂಸ್ಥೆಗೇ ಮರಳುವುದು ಇದರ ಉದ್ದೇಶ. ಕೆಲಸ ಬಿಡಬೇಕಿಲ್ಲ, ಸಂಸಾರವನ್ನು ಕಿತ್ತುಕೊಂಡು ಹೋಗಬೇಕಿಲ್ಲ. ನಮ್ಮಂಥ ದೇಶಕ್ಕೆ ಇದೇ ಹೆಚ್ಚು ಹೊಂದುವ ಮಾದರಿ ಎಂದು ನನ್ನ ಅಭಿಪ್ರಾಯ.

ಎಲ್ಲ ಯೋಜನೆಗಳಲ್ಲೂ ವಯಸ್ಸಿನ ಅಥವಾ ಪಿಎಚ್.ಡಿ. ನಂತರದ ವರ್ಷಗಳ ಮಿತಿ ಇರುತ್ತದೆ. ಆತಿಥೇಯ ಪ್ರಾಧ್ಯಾಪಕರ ಒಪ್ಪಿಗೆ ಪತ್ರ ಬೇಕಾಗುತ್ತದೆ. ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ಸಂಸ್ಥೆಯ ಪ್ರಕಟಣೆಯನ್ನೇ ನೋಡಬೇಕು. ಫೆಲೋಶಿಪ್ ಕೊಡಿಸುತ್ತೇನೆಂದು ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಿ.

ಬರುವ ದಾರಿ

ಹೋಗುವುದಕ್ಕೆ ಇಷ್ಟು ಬಾಗಿಲುಗಳಿವೆ. ಬರುವುದಕ್ಕೆ? ಹರಗೋವಿಂದ ಖೊರಾನಾ ಅವರ ಬದುಕನ್ನು ನೋಡಿ. 1945ರಲ್ಲಿ ಭಾರತ ಸರ್ಕಾರದ ಫೆಲೋಶಿಪ್ ಮೇಲೆ ಲಿವರ್‌ಪೂಲ್‌ಗೆ ಹೋದರು, 1948ರಲ್ಲಿ ಪಿಎಚ್.ಡಿ. ಪಡೆದರು, ಜ್ಯೂರಿಕ್‌ನಲ್ಲಿ ಸಂಬಳವಿಲ್ಲದೆ ಉಳಿತಾಯದ ಹಣದಲ್ಲಿ ಒಂದು ವರ್ಷದಷ್ಟು ಕಾಲ ಸಂಶೋಧನೆ ಮಾಡಿದರು. 1949ರಲ್ಲಿ ಭಾರತಕ್ಕೆ ಬಂದರು. ಕೆಲಸ ಸಿಗಲಿಲ್ಲ. ಮತ್ತೊಂದು ಫೆಲೋಶಿಪ್ ಹಿಡಿದು ಇಂಗ್ಲೆಂಡಿಗೇ ಹಿಂತಿರುಗಿದರು; ಅಲ್ಲಿಂದ ಕೆನಡಾ, ಅಮೆರಿಕ. ಆನುವಂಶಿಕ ಸಂಕೇತವನ್ನು ಬಿಡಿಸಿದ್ದಕ್ಕಾಗಿ 1968ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದಾಗ ಅವರು ಅಮೆರಿಕದ ಪ್ರಜೆ. ಕಳುಹಿಸಿದ ಸರ್ಕಾರವೇ ಬಂದಾಗ ಒಂದು ಮೇಜು, ಕುರ್ಚಿ, ಪ್ರಯೋಗಾಲಯ ಒದಗಿಸಲಾಗಲಿಲ್ಲ. ಪ್ರತಿಭಾ ಪಲಾಯನ ಎಂದು ವಿಜ್ಞಾನಿಗಳನ್ನು ದೂರುವ ಮೊದಲು ಈ ಪ್ರಸಂಗವನ್ನು ನೆನೆಯಬೇಕು.

ಈ ಕೊರತೆಯನ್ನು ತುಂಬುವ ಯತ್ನಗಳು ಬಹಳ ತಡವಾಗಿ ಬಂದುವು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006–07ರಲ್ಲಿ ರಾಮಲಿಂಗಸ್ವಾಮಿ ಮರುಪ್ರವೇಶ ಫೆಲೋಶಿಪ್ ಆರಂಭಿಸಿತು. ಹೊರದೇಶದಲ್ಲಿರುವ ಭಾರತೀಯ ಸಂಶೋಧಕರು ಐದು ವರ್ಷಗಳ ವೇತನ ಮತ್ತು ಸಂಶೋಧನಾ ಅನುದಾನದೊಡನೆ ಇಲ್ಲಿ ನೆಲೆಯೂರಲು ಇದು ಅವಕಾಶ. ಹೆಸರು ಅರ್ಥಪೂರ್ಣವಾಗಿದೆ. ವುಲಿಮಿರಿ ರಾಮಲಿಂಗಸ್ವಾಮಿ ಆಕ್ಸ್‌ಫರ್ಡ್‌ನಲ್ಲಿ 1951ರಲ್ಲಿ ಡಾಕ್ಟರೇಟ್ ಪಡೆದು ಹಿಂತಿರುಗಿ, ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಸೇರಿಸಿದ ಉಪ್ಪಿನಿಂದ ಗಳಗಂಡ ಕಡಿಮೆಯಾಗುತ್ತದೆಂದು 1956ರಿಂದ ನಡೆಸಿದ ದೀರ್ಘ ಪ್ರಯೋಗದಲ್ಲಿ ತೋರಿಸಿದವರು. ಇಂದು ನಮ್ಮ ಅಂಗಡಿಯ ಉಪ್ಪಿನ ಪೊಟ್ಟಣದ ಮೇಲೆ ಅಯೋಡಿನ್ ಎಂದು ಬರೆದಿರುವುದರ ಹಿಂದೆ ಆ ಕೆಲಸವಿದೆ. 2008ರಲ್ಲಿ ಅದೇ ಇಲಾಖೆ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಜೊತೆ ಸೇರಿ ಇಂಡಿಯಾ ಅಲಯನ್ಸ್ ಸ್ಥಾಪಿಸಿತು. ಇದರ ಫೆಲೋಗಳ ನೆಲೆ ಭಾರತದ ಸಂಸ್ಥೆಯೇ. ಬೇಕಾದ ತಂತ್ರ ಕಲಿಯಲು ಅವಧಿಯ ಒಂದು ಭಾಗವನ್ನು ಬೇರೆಡೆಯ ಪ್ರಯೋಗಾಲಯದಲ್ಲಿ ಕಳೆಯಬಹುದು. ಹೋಗುವ ಮೊದಲೇ ಬರುವ ಜಾಗ ಗೊತ್ತಿರುವ ಈ ಏರ್ಪಾಡು ಖೊರಾನಾ ಅವರ ಕಾಲದಲ್ಲಿ ಇದ್ದಿದ್ದರೆ!

ಆದರೂ ಐದು ವರ್ಷದ ಫೆಲೋಶಿಪ್ ಶಾಶ್ವತ ಹುದ್ದೆಯಲ್ಲ. ಮುಗಿದ ಮೇಲೆ ವಿಶ್ವವಿದ್ಯಾಲಯಗಳಲ್ಲಿ ಹುದ್ದೆಗಳು ಖಾಲಿಯಿದ್ದೂ ತುಂಬದೆ ಇರುವಾಗ ಮರಳಿ ಬಂದವರು ಎಲ್ಲಿ ನಿಲ್ಲಬೇಕು? ಈ ಪ್ರಶ್ನೆಗೆ ಯಾವ ಫೆಲೋಶಿಪ್ ನಿಯಮಾವಳಿಯಲ್ಲೂ ಉತ್ತರವಿಲ್ಲ.

ಕಾಲೇಜಿನಲ್ಲಿರುವಾಗಲೇ

ವಿದೇಶದ ಮಾತು ಪಿಎಚ್.ಡಿ. ನಂತರದ್ದು. ಬಿ.ಎಸ್‌ಸಿ. ವಿದ್ಯಾರ್ಥಿ ಏನು ಮಾಡಬಹುದು? ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿ ಹಾಗೂ ಅಲಹಾಬಾದಿನ ಅಕಾಡೆಮಿಗಳೊಂದಿಗೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತಾ ಬಂದಿದೆ. ಎರಡು ತಿಂಗಳು ದೇಶದ ಯಾವುದಾದರೂ ಪ್ರಯೋಗಾಲಯದಲ್ಲಿ ವಿಜ್ಞಾನಿಯೊಬ್ಬರೊಡನೆ ಕೆಲಸ. ಇದಕ್ಕೆ ವಿದ್ಯಾರ್ಥಿಗಳಲ್ಲದೆ ಅಧ್ಯಾಪಕರೂ ಅರ್ಜಿ ಹಾಕಬಹುದು. ಇದು ನಮ್ಮ ಎಷ್ಟೋ ಅಧ್ಯಾಪಕರಿಗೆ ಗೊತ್ತಿಲ್ಲ. ಜಕ್ಕೂರಿನ ಕೇಂದ್ರವೂ ಬೇಸಿಗೆ ಫೆಲೋಶಿಪ್‌ಗಳನ್ನು ಕೊಡುತ್ತದೆ. ದೊಡ್ಡಬಳ್ಳಾಪುರದ ಹುಡುಗಿಗೆ ಅಲ್ಲಿಗೆ ಹೋಗಲು ಪಾಸ್‌ಪೋರ್ಟ್ ಬೇಡ, ಬಸ್ ಪಾಸ್ ಸಾಕು. ಮುಂದಿನ ಫೆಲೋಶಿಪ್‌ಗಳ ಆಯ್ಕೆ ಸಮಿತಿಗಳು ಮೊದಲು ಹುಡುಕುವುದು ಇಂಥ ಅನುಭವವನ್ನೇ.

ಕೊನೆಯದಾಗಿ ಅಧ್ಯಾಪಕರಿಗೆ ಒಂದು ಮಾತು, ಶಿಫಾರಸು ಪತ್ರದ ಬಗ್ಗೆ. ನಮ್ಮಲ್ಲಿ ಬಹುತೇಕ ಪತ್ರಗಳು ಒಂದೇ ಅಚ್ಚಿನವು. ಅಭ್ಯರ್ಥಿ ವಿಧೇಯ, ಶ್ರಮಜೀವಿ, ಉತ್ತಮ ನಡತೆಯುಳ್ಳವರು ಎಂದಿರುತ್ತದೆ. ಇದರಿಂದ ಆಯ್ಕೆ ಸಮಿತಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು, ಈ ವಿದ್ಯಾರ್ಥಿನಿ ಪ್ರಯೋಗದ ಫಲಿತಾಂಶ ಪುಸ್ತಕದ ಬೆಲೆಗೆ ಹೊಂದದಿದ್ದಾಗ ಅಂಕಿ ತಿದ್ದದೆ ಮೂರು ದಿನ ಕೂತು ಕಾರಣ ಹುಡುಕಿದಳು, ಉಷ್ಣಮಾಪಕದ ದೋಷವನ್ನು ತಾನೇ ಕಂಡುಹಿಡಿದಳು ಎಂಬಂಥ ಒಂದು ನಿಜವಾದ ಸಂಗತಿಯನ್ನು ಬರೆದರೆ ಅದರ ತೂಕವೇ ಬೇರೆ. ಹಾಗೆ ಬರೆಯಬೇಕಾದರೆ ಪ್ರಯೋಗಾಲಯದಲ್ಲಿ ಆ ಮೂರು ದಿನ ಅಧ್ಯಾಪಕರೂ ಇದ್ದಿರಬೇಕು.